ಹೆಸರು ಅಳಿದ ಮೇಲೆ ಕಡತಕ್ಕೆ ಎಷ್ಟು ಆಯಸ್ಸು?

2025ರ ಮೇ 22ರಂದು ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪು ಎರಡು ಪದಗಳ ಸುತ್ತ ಸುತ್ತಿತ್ತು: ಝುಡಪಿ ಜಂಗಲ್. ಮರಾಠಿಯಲ್ಲಿ ಝುಡುಪ್ ಎಂದರೆ ಪೊದೆ. ಝುಡಪಿ ಜಂಗಲ್ ಎಂದರೆ ಕುರುಚಲು ಕಾಡು. ನಾಗಪುರ, ವಾರ್ಧಾ, ಭಂಡಾರಾ, ಗೊಂದಿಯಾ, ಚಂದ್ರಪುರ, ಗಡಚಿರೋಲಿ, ಪೂರ್ವ ವಿದರ್ಭದ ಈ ಆರು ಜಿಲ್ಲೆಗಳ ಕಂದಾಯ ದಾಖಲೆಗಳಲ್ಲಿ ಸುಮಾರು 86 ಸಾವಿರ ಹೆಕ್ಟೇರ್ ಜಮೀನಿನ ಎದುರು ಈ ಪದಗಳಿದ್ದವು. ಅಂಥ ಜಮೀನಿನಲ್ಲಿ ಎಷ್ಟೋ ಕಡೆ ಮನೆ, ಶಾಲೆ, ಸರಕಾರಿ ಕಚೇರಿ, ರಸ್ತೆ, ಸ್ಮಶಾನಗಳು ಆಗಿಹೋಗಿದ್ದವು. ಕೆಲವು ಕಡೆ ಉಳುಮೆ ನಡೆದಿತ್ತು. ನೆಲದ ಮೇಲೆ ಪೊದೆ ಕಾಣದಿದ್ದರೂ ಕಾಗದದ ಮೇಲೆ ಅದು ಹಾಗೇ ಇತ್ತು.

ಕಾಗದದ ಮೇಲಿದ್ದದ್ದಕ್ಕೆ ಬಲ ಬಂದದ್ದು ಇನ್ನೊಂದು ಆದೇಶದಿಂದ. ನೀಲಗಿರಿಯ ಕಾಡು ಉಳಿಸಲು ಟಿ.ಎನ್. ಗೋದಾವರ್ಮನ್ ತಿರುಮುಲ್ಪಾಡ್ 1995ರಲ್ಲಿ ಹೂಡಿದ ಮೊಕದ್ದಮೆಯಲ್ಲಿ, 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತ್ತು. ಸರಕಾರಿ ದಾಖಲೆಯಲ್ಲಿ ಅರಣ್ಯ ಎಂದು ನಮೂದಾದ ಜಾಗ ಯಾರ ಒಡೆತನದಲ್ಲಿದ್ದರೂ ಅರಣ್ಯವೇ, ಅದಕ್ಕೆ 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಅನ್ವಯಿಸುತ್ತದೆ. ಅದೇ ತತ್ತ್ವದ ಮೇಲೆ 2025ರಲ್ಲಿ ಮುಖ್ಯ ನ್ಯಾಯಮೂರ್ತಿ ಬಿ.ಆರ್. ಗವಾಯಿ ಮತ್ತು ನ್ಯಾಯಮೂರ್ತಿ ಅಗಸ್ಟಿನ್ ಜಾರ್ಜ್ ಮಸೀಹ್ ಅವರ ಪೀಠ ಝುಡಪಿ ಜಂಗಲನ್ನು ಅರಣ್ಯವೆಂದೇ ಪರಿಗಣಿಸಬೇಕು ಎಂದಿತು. 1996ರ ಡಿಸೆಂಬರ್ 12ರವರೆಗೆ ಅಧಿಕಾರವುಳ್ಳವರು ಹಂಚಿಕೊಟ್ಟ ಜಮೀನಿಗೆ ವಿನಾಯಿತಿಯ ದಾರಿ ತೋರಿಸಿತು. ಆ ದಿನಾಂಕದ ನಂತರ ಹಂಚಿಕೊಟ್ಟ ಅಧಿಕಾರಿಗಳ ಮೇಲೆ ಕ್ರಮವಾಗಬೇಕು ಎಂದೂ ಹೇಳಿತು.

ಆ ಪದವನ್ನು ದಾಖಲೆಗೆ ಸೇರಿಸಿದ ಸರಕಾರ ಮಾತ್ರ ಈಗಿಲ್ಲ. ಅದು 1956ರಲ್ಲೇ ಮುಗಿದುಹೋಯಿತು. ನಮೂದು ಒಂದು ರಾಜ್ಯದಿಂದ ಇನ್ನೊಂದಕ್ಕೆ, ಒಂದು ಪುಸ್ತಕದಿಂದ ಇನ್ನೊಂದಕ್ಕೆ ನಕಲಾಗುತ್ತ ಉಳಿದುಬಂತು. ಆ ನಮೂದನ್ನು ಯಾಕೆ ಮಾಡಿದರು, ಬರೆದವರ ಮನಸ್ಸಿನಲ್ಲಿ ಅದು ಕಾಡೋ ಹುಲ್ಲುಗಾವಲೋ ಎಂಬುದು ಮಾತ್ರ ಬೇರೆ ಕಡತಗಳಲ್ಲಿ ಉಳಿಯಿತು. ಇಂಥ ಕಡತವನ್ನು, ಅಂದರೆ ಯಾರ ಹೆಸರಿಗೂ ಸೇರದ, ಯಾರೂ ಕೇಳದ ಇತಿಹಾಸವನ್ನು, ಎಷ್ಟು ಕಾಲ ಇಟ್ಟುಕೊಳ್ಳಬೇಕು? ಪತ್ರಾಗಾರಗಳು ಈ ಪ್ರಶ್ನೆಯನ್ನು ಒಂದೂವರೆ ಶತಮಾನದಿಂದ ಕೇಳಿಕೊಂಡು ಬಂದಿವೆ. ಕಳೆದ ಇಪ್ಪತ್ತು ವರ್ಷಗಳಿಂದ ಇದೇ ಪ್ರಶ್ನೆಯನ್ನು ಸಾಫ್ಟ್‌ವೇರ್ ಬರೆಯುವವರೂ ಕೇಳುತ್ತಿದ್ದಾರೆ, ಅದಕ್ಕೆ ದಿನಗಳ ಲೆಕ್ಕದಲ್ಲಿ ಉತ್ತರವನ್ನೂ ಕೊಟ್ಟಿದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅವಧಿ ಎಂಬುದು ಏನನ್ನು ಅಳೆಯುತ್ತದೆ ಎಂಬುದು ಕಾಣುತ್ತದೆ.

ಹೆಸರೇ ದಾರಿ

ಹಲವರು ಸೇರಿ ಒಂದು ತಂತ್ರಾಂಶ ಬರೆಯುವಾಗ ಪ್ರತಿ ಬದಲಾವಣೆಯನ್ನೂ ಲೆಕ್ಕವಿಡುವ ವ್ಯವಸ್ಥೆಗೆ ವರ್ಷನ್ ಕಂಟ್ರೋಲ್ ಎನ್ನುತ್ತಾರೆ. ಶಾನುಭೋಗರ ಭಾಷೆಯಲ್ಲಿ ಹೇಳುವುದಾದರೆ ಅದು ಮ್ಯುಟೇಷನ್ ರಿಜಿಸ್ಟರ್: ಯಾರು, ಯಾವಾಗ, ಏನನ್ನು, ಯಾಕೆ ತಿದ್ದಿದರು ಎಂಬುದರ ಸರಣಿ. ಇಂದು ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಗಿಟ್. ಲಿನಕ್ಸ್ ಕೆಲಸಕ್ಕೆ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ತಂತ್ರಾಂಶದ ಉಚಿತ ಪರವಾನಗಿ ಕೈತಪ್ಪಿದಾಗ ಲಿನಸ್ ಟೋರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಕೆಲವೇ ದಿನಗಳಲ್ಲಿ ಅದನ್ನು ಕಟ್ಟಿದರು.

ಗಿಟ್‌ನಲ್ಲಿ ಪ್ರತಿ ಬದಲಾವಣೆ ಒಂದು ಕಮಿಟ್. ಪ್ರತಿ ಕಮಿಟ್ ತನ್ನ ಹಿಂದಿನ ಕಮಿಟ್ ಯಾವುದು ಎಂದು ಹೇಳುತ್ತದೆ, ಆದರೆ ಮುಂದೆ ಯಾರು ಬಂದರೆಂದು ಅದಕ್ಕೆ ಗೊತ್ತಿಲ್ಲ. ಮಗನಿಗೆ ಅಪ್ಪನ ಹೆಸರು ಗೊತ್ತು, ಅಪ್ಪನ ದಾಖಲೆಯಲ್ಲಿ ಮಗನ ಸುದ್ದಿಯಿಲ್ಲ. ಹಾಗಾಗಿ ಸರಣಿಯನ್ನು ಹುಡುಕಲು ತುದಿಯಲ್ಲಿರುವ ಕೊನೆಯ ಕಮಿಟ್ ಯಾವುದೆಂದು ತಿಳಿದಿರಬೇಕು. ಆ ತುದಿಗೆ ಅಂಟಿಸಿದ ಚೀಟಿಯೇ ಬ್ರಾಂಚ್. ಚೀಟಿ ಕಿತ್ತರೆ ಕಮಿಟ್‌ಗಳು ಆಗಲೇ ಅಳಿಯುವುದಿಲ್ಲ. ಡಿಸ್ಕ್‌ನಲ್ಲಿ ಹಾಗೇ ಇರುತ್ತವೆ, ಅಲ್ಲಿಗೆ ಹೋಗುವ ದಾರಿ ಮಾತ್ರ ಇರುವುದಿಲ್ಲ. ಇಂಥವನ್ನು ‘ತಲುಪಲಾಗದವು’ ಎಂದು ಗಿಟ್ ಗುರುತಿಸುತ್ತದೆ. ಕೆಲವು ಕಾಲದ ನಂತರ ಕಸ ಗುಡಿಸುವ ಒಂದು ಆಜ್ಞೆ ಬಂದು ಅವನ್ನು ಕತ್ತರಿಸಿ ಹಾಕುತ್ತದೆ. ಅದಕ್ಕೆ ಪ್ರೂನಿಂಗ್ ಎಂದು ಹೆಸರು. ತೋಟದಲ್ಲಿ ಒಣಕೊಂಬೆ ಸವರುವ ಕೆಲಸಕ್ಕೂ ಇಂಗ್ಲಿಷಿನಲ್ಲಿ ಇದೇ ಪದ.

ಚೀಟಿ ಕೀಳುವುದಕ್ಕೂ ಕೊಂಬೆ ಸವರುವುದಕ್ಕೂ ನಡುವೆ ಇರುವ ಬಿಡುವನ್ನೇ ಈ ಲೇಖನ ಮುಂದೆ ಅವಧಿ ಎಂದು ಕರೆಯುತ್ತದೆ. ಸಾಫ್ಟ್‌ವೇರ್ ಅದನ್ನು ದಿನಗಳಲ್ಲಿ ಎಣಿಸುತ್ತದೆ. ನಾಗಪುರದಂಥ ಊರಿನಲ್ಲಿ ಅದನ್ನು ತಲೆಮಾರುಗಳಲ್ಲಿ ಎಣಿಸಬೇಕಾಯಿತು.

ನಾಗಪುರದಲ್ಲಿ ಅಳಿದ ಹೆಸರುಗಳು

ಇಷ್ಟು ಸಲ ಚೀಟಿ ಬದಲಾದ ರಾಜಧಾನಿಗಳು ದೇಶದಲ್ಲಿ ಹೆಚ್ಚಿಲ್ಲ. ಭೋಂಸ್ಲೆ ಅರಸ ಮೂರನೆಯ ರಘೂಜಿ 1853ರ ಡಿಸೆಂಬರ್‌ನಲ್ಲಿ ಗಂಡುಮಕ್ಕಳಿಲ್ಲದೆ ತೀರಿಕೊಂಡ. ಡಾಲ್‌ಹೌಸಿ 1854ರಲ್ಲಿ ರಾಜ್ಯವನ್ನು ಕಂಪನಿಗೆ ಸೇರಿಸಿಕೊಂಡ. 1861ರಲ್ಲಿ ಮಧ್ಯಪ್ರಾಂತ ಎಂಬ ಹೊಸ ಘಟಕ ಹುಟ್ಟಿತು. ನಿಜಾಮರಿಂದ ಬ್ರಿಟಿಷರ ಆಡಳಿತಕ್ಕೆ ಬಂದಿದ್ದ ಬೇರಾರ್ 1903ರಲ್ಲಿ ಅದರ ಜೊತೆಗೂಡಿತು. 1950ರಲ್ಲಿ ಪ್ರಾಂತದ ಹೆಸರು ಮಧ್ಯಪ್ರದೇಶ ಎಂದಾಯಿತು, ರಾಜಧಾನಿ ನಾಗಪುರವೇ ಇತ್ತು. 1956ರ ನವೆಂಬರ್ 1ರಂದು ಆ ಮಧ್ಯಪ್ರದೇಶದ ಎಂಟು ಜಿಲ್ಲೆಗಳು ಮುಂಬಯಿ ರಾಜ್ಯಕ್ಕೆ ಹೋದವು. ಮಧ್ಯಪ್ರದೇಶ ಎಂಬ ಹೆಸರು ಭೋಪಾಲ್ ರಾಜಧಾನಿಯಾದ ಇನ್ನೊಂದು ರಾಜ್ಯಕ್ಕೆ ಅಂಟಿಕೊಂಡಿತು. ನಾಗಪುರದ ರಾಜಧಾನಿ ಪಟ್ಟ ಅಂದೇ ಹೋಯಿತು. 1953ರ ನಾಗಪುರ ಒಪ್ಪಂದದ ನೆನಪಿಗೆ ಎಂಬಂತೆ ಇಂದಿಗೂ ಮಹಾರಾಷ್ಟ್ರ ವಿಧಾನಮಂಡಲದ ಚಳಿಗಾಲದ ಅಧಿವೇಶನ ಅಲ್ಲಿ ಸೇರುತ್ತದೆ.

ಆಡಳಿತ ಬದಲಾದ ಪ್ರತಿ ಸಲವೂ ಹಿಂದಿನ ಕಡತಗಳಿಗೆ ಹೊಸ ವಾರಸುದಾರ ಬೇಕಾಗುತ್ತಾನೆ. ಹಳೆಯ ಪ್ರಾಂತದ ಕಾಗದ ಇಂದು ಎರಡು ಕಡೆ ಇದೆ. ಒಂದು ಪಾಲು ಭೋಪಾಲದ ಪತ್ರಾಗಾರದಲ್ಲಿ, ಇನ್ನೊಂದು ಮಹಾರಾಷ್ಟ್ರ ರಾಜ್ಯ ಪತ್ರಾಗಾರದ ನಾಗಪುರ ಶಾಖೆಯಲ್ಲಿ.

ಝುಡಪಿ ಜಂಗಲ್ ಎಂಬ ಪದ ಅರ್ಥವಾಗಬೇಕಾದರೆ ಈ ಹಿಂದಿನ ಪದರಗಳಿಗೇ ಇಳಿಯಬೇಕು. ಮೇಲೆ ಹೇಳಿದ ಆರು ಜಿಲ್ಲೆಗಳು 1956ರಲ್ಲಿ ನಾಲ್ಕಾಗಿದ್ದವು: ನಾಗಪುರ, ವಾರ್ಧಾ, ಭಂಡಾರಾ, ಚಾಂದಾ. ಬೇರಾರಿನ ಜಿಲ್ಲೆಗಳು ಈ ಪಟ್ಟಿಯಲ್ಲಿಲ್ಲ. ಬೇರಾರಿನಲ್ಲಿ ಮುಂಬಯಿ ಮಾದರಿಯ ರೈತವಾರಿ ಪದ್ಧತಿಯಿತ್ತು, ನಾಗಪುರದ ಕಡೆ ಮಾಲ್‌ಗುಜಾರಿ. ಮಾಲ್‌ಗುಜಾರ ಎಂದರೆ ಊರಿನ ಕಂದಾಯ ಕಟ್ಟುವವನು. ಬ್ರಿಟಿಷರು 1860ರ ದಶಕದ ಬಂದೋಬಸ್ತಿನಲ್ಲಿ ಅವನನ್ನು ಊರಿನ ಒಡೆಯನನ್ನಾಗಿ ಮಾಡಿದರು. ಉಳುಮೆಯಾಗದ ಪೊದೆನೆಲವೂ ಅವನ ಒಡೆತನಕ್ಕೆ ಸೇರಿತು. ಊರಿನವರಿಗೆ ಅಲ್ಲಿ ದನ ಮೇಯಿಸುವ, ಸೌದೆ ತರುವ, ಬೇಲಿಗೆ ಮುಳ್ಳು ಕಡಿಯುವ ರೂಢಿಯ ಹಕ್ಕಿತ್ತು. ಅದಕ್ಕೆ ನಿಸ್ತಾರ್ ಎಂದು ಹೆಸರು. ಊರೂರಿನ ರೂಢಿಗಳನ್ನು ವಾಜಿಬ್-ಉಲ್-ಅರ್ಜ್ ಎಂಬ ಪತ್ರದಲ್ಲಿ ಬರೆದಿಡುತ್ತಿದ್ದರು.

ಮಾಲ್‌ಗುಜಾರಿಯನ್ನು ರದ್ದುಮಾಡಿದ 1950ರ ಕಾಯ್ದೆಯಂತೆ 1951ರ ಮಾರ್ಚ್ 31ರಂದು ಈ ಜಮೀನೆಲ್ಲ ಸರಕಾರದ ವಶಕ್ಕೆ ಬಂತು. ಐದೂವರೆ ವರ್ಷದಲ್ಲಿ ಸರಕಾರವೇ ಬದಲಾಯಿತು. ಒಡೆಯನಿಲ್ಲ, ಪ್ರಾಂತವಿಲ್ಲ, ಬಂದೋಬಸ್ತು ಮಾಡಿದ ಅಧಿಕಾರಿಯಿಲ್ಲ. ಪಟವಾರಿಯ ಪುಸ್ತಕದಲ್ಲಿ ಝುಡಪಿ ಜಂಗಲ್ ಎಂಬ ಪದ ಉಳಿಯಿತು. 1980ರಲ್ಲಿ ಹೊಸ ಕಾಯ್ದೆ, 1996ರಲ್ಲಿ ಹೊಸ ವ್ಯಾಖ್ಯಾನ ಬಂದಾಗ ಆ ಪದಕ್ಕೆ ಬರೆದವರು ಊಹಿಸಿರದ ತೂಕ ಬಂತು.

ಗಿಟ್ ಬಳಸುವವರಿಗೆ ಇದು ಪರಿಚಿತ ಸ್ಥಿತಿ. ಈಗಿನ ಫೈಲಿನಲ್ಲಿ ಒಂದು ಸಾಲಿದೆ. ಅದು ಯಾಕಿದೆ ಎಂದು ತಿಳಿಯಲು ಹಳೆಯ ಕಮಿಟ್ ಬೇಕು. ಕಮಿಟ್ ಸಿಗದಿದ್ದರೆ ಸಾಲನ್ನು ತೆಗೆಯಲು ಧೈರ್ಯವಿಲ್ಲ, ಇಟ್ಟುಕೊಳ್ಳಲು ಕಾರಣವಿಲ್ಲ.

ಸುಡುವುದಕ್ಕೂ ಒಂದು ನಿಯಮ

ಹಳೆಯ ಕಾಗದ ನಾಶಮಾಡುವ ವಿಚಾರವನ್ನು ಭಾರತದಲ್ಲಿ ಮೊದಲು ಎತ್ತಿದವರು ಇತಿಹಾಸಕಾರರಲ್ಲ, ಲೆಕ್ಕ ತಪಾಸಿಗರು. 1860ರಲ್ಲಿ ಸಿವಿಲ್ ಆಡಿಟರ್ ಸ್ಯಾಂಡೆಮನ್ ಒಂದು ವರದಿ ಕೊಟ್ಟ. ಕಚೇರಿಗಳಲ್ಲಿ ಕಾಗದ ತುಂಬಿ ಜಾಗವಿಲ್ಲ, ದಿನನಿತ್ಯದ ಸಾಮಾನ್ಯ ಕಾಗದವನ್ನು ನಾಶಮಾಡಿ, ಬೆಲೆಯುಳ್ಳದ್ದನ್ನು ಒಂದು ದೊಡ್ಡ ಕೇಂದ್ರ ಪತ್ರಾಗಾರಕ್ಕೆ ಸಾಗಿಸಿ ಎಂಬುದು ಅದರ ಸಾರ. ನಾಶ ಮತ್ತು ರಕ್ಷಣೆ ಒಂದೇ ವರದಿಯಲ್ಲಿ ಅವಳಿಗಳಂತೆ ಹುಟ್ಟಿದವು. 1891ರಲ್ಲಿ ಕಲ್ಕತ್ತದಲ್ಲಿ ಇಂಪೀರಿಯಲ್ ರೆಕಾರ್ಡ್ ಡಿಪಾರ್ಟ್‌ಮೆಂಟ್ ಶುರುವಾಯಿತು. ಇಂದಿನ ರಾಷ್ಟ್ರೀಯ ಪತ್ರಾಗಾರದ ಬೇರು ಅದು. 1917ರಲ್ಲಿ ದಾಖಲೆ ನಾಶ ಕಾಯ್ದೆ ಎಂಬುದೇ ಬಂತು. ಇಟ್ಟುಕೊಳ್ಳುವಷ್ಟು ಸಾರ್ವಜನಿಕ ಮೌಲ್ಯವಿಲ್ಲದ ಕಾಗದ ವಿಲೇವಾರಿ ಮಾಡಲು ಹೈಕೋರ್ಟುಗಳೂ ಕಂದಾಯ ಅಧಿಕಾರಿಗಳೂ ನಿಯಮ ಮಾಡಿಕೊಳ್ಳಬಹುದು ಎಂದು ಅದು ಹೇಳಿತು.

ಸ್ವತಂತ್ರ ಭಾರತದ ಕೇಂದ್ರ ಕಚೇರಿಗಳು ಕಡತಗಳನ್ನು ಮೂರು ದರ್ಜೆ ಮಾಡಿದವು. ‘ಎ’ ದರ್ಜೆಯದನ್ನು ಶಾಶ್ವತವಾಗಿ ಇಟ್ಟು ಮೈಕ್ರೋಫಿಲ್ಮ್ ಕೂಡ ಮಾಡಬೇಕು. ‘ಬಿ’ ದರ್ಜೆಯದೂ ಶಾಶ್ವತ, ಮೈಕ್ರೋಫಿಲ್ಮ್ ಬೇಡ. ‘ಸಿ’ ದರ್ಜೆಯದಕ್ಕೆ ಗೊತ್ತಾದ ಅವಧಿ, ಹತ್ತು ವರ್ಷ ಮೀರುವಂತಿಲ್ಲ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಇದಕ್ಕೆ ಬೇಲಿ ಹಾಕಿತು. 1892ಕ್ಕಿಂತ ಹಿಂದಿನ ಯಾವ ದಾಖಲೆಯನ್ನೂ, ಓದಲಾಗದಷ್ಟು ಹಾಳಾಗದ ಹೊರತು, ನಾಶಮಾಡುವಂತಿಲ್ಲ. ನಿಯಮ ಮೀರಿ ನಾಶಮಾಡಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. 25 ವರ್ಷ ದಾಟಿದ್ದನ್ನು ಪತ್ರಾಗಾರದವರ ಜೊತೆ ಕೂತು ಪರಿಶೀಲಿಸಬೇಕು ಎಂಬುದು 1997ರ ನಿಯಮಗಳ ಮಾತು. ನಾಶಕ್ಕೆ ಆರಿಸಿದ ಕಡತಗಳ ಪಟ್ಟಿಯನ್ನು ಶಾಶ್ವತವಾಗಿ ಉಳಿಸಬೇಕು ಎಂದೂ ಅವು ಹೇಳುತ್ತವೆ. ಕಡತ ಹೋದರೂ ಇಂಥದೊಂದು ಕಡತ ಇತ್ತು ಎಂಬ ಸಾಲು ಉಳಿಯಬೇಕು. ಕೇಂದ್ರದ ಈ ಕಾಯ್ದೆ ರಾಜ್ಯಗಳ ಕಡತಕ್ಕೆ ಅನ್ವಯಿಸುವುದಿಲ್ಲ. ಮಹಾರಾಷ್ಟ್ರ 2005ರಲ್ಲಿ, ಕರ್ನಾಟಕ 2010ರಲ್ಲಿ ತಮ್ಮತಮ್ಮ ಕಾಯ್ದೆ ಮಾಡಿಕೊಂಡವು.

ಅವಧಿ ಉದ್ದವಾಗಿದ್ದರೆ ಏನು ಸಿಗುತ್ತದೆ ಎಂಬುದಕ್ಕೆ ನಾಗಪುರದಲ್ಲೇ ಉದಾಹರಣೆಯಿದೆ. ಭೋಂಸ್ಲೆ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿಯಾಗಿ ರೆಸಿಡೆಂಟ್ ಒಬ್ಬನಿದ್ದ. 1799ರಲ್ಲಿ ಸಂಸ್ಕೃತ ವಿದ್ವಾಂಸನೂ ಆಗಿದ್ದ ಕೋಲ್‌ಬ್ರೂಕ್ ಬಂದ, ನಂತರ ಎಲ್ಫಿನ್‌ಸ್ಟನ್, ಆಮೇಲೆ ಜೆಂಕಿನ್ಸ್. ಅವರು ಬರೆದ ಪತ್ರಗಳಲ್ಲಿ ಯುದ್ಧ, ಸಂಧಾನ, ಪಿತೂರಿ, ಬೆಳೆ, ಬೆಲೆ ಎಲ್ಲವೂ ಇತ್ತು. 1854ರಲ್ಲಿ ಆಸ್ಥಾನವೇ ಇಲ್ಲವಾದ ಮೇಲೆ ರೆಸಿಡೆನ್ಸಿಗೂ ಕೆಲಸವಿರಲಿಲ್ಲ. ದಿನದ ಆಡಳಿತಕ್ಕೆ ಆ ಕಾಗದ ಬೇಕಾಗಿರಲಿಲ್ಲ. ಹತ್ತು ವರ್ಷದ ನಿಯಮ ಹಚ್ಚಿದ್ದರೆ 1864ರ ಹೊತ್ತಿಗೆ ಒಲೆಗೆ ಹೋಗಬೇಕಿತ್ತು. ಹೋಗಲಿಲ್ಲ. 1919ರಲ್ಲಿ ಹುಟ್ಟಿದ ಭಾರತೀಯ ಐತಿಹಾಸಿಕ ದಾಖಲೆಗಳ ಆಯೋಗ ವರ್ಷವರ್ಷ ಒಂದೊಂದು ಊರಿನಲ್ಲಿ ಸೇರಿ ಕಡತಗಳ ಬಗ್ಗೆ ಚರ್ಚಿಸುತ್ತಿತ್ತು. 1928ರಲ್ಲಿ ಅದರ ಅಧಿವೇಶನ ನಾಗಪುರದಲ್ಲಿ, 1942ರಲ್ಲಿ ಮೈಸೂರಿನಲ್ಲಿ ನಡೆಯಿತು. 1950ರ ದಶಕದಲ್ಲಿ ಇತಿಹಾಸಕಾರ ಎಚ್.ಎನ್. ಸಿನ್ಹಾ ಅವರ ಸಂಪಾದಕತ್ವದಲ್ಲಿ ನಾಗಪುರ ರೆಸಿಡೆನ್ಸಿಯ ಆಯ್ದ ದಾಖಲೆಗಳು ಸಂಪುಟಗಳಾಗಿ ಅಚ್ಚಾದವು. ಕಚೇರಿ ಮುಚ್ಚಿ ಆಗ ಸುಮಾರು ನೂರು ವರ್ಷ. ಅಚ್ಚಾದದ್ದೇ ಆ ಪತ್ರಗಳಿಗೆ ಹೊಸ ಚೀಟಿ ಅಂಟಿತು. ಯಾವ ಊರಿನ ಗ್ರಂಥಾಲಯದಲ್ಲಿ ಕೂತವರಿಗೂ ಅಲ್ಲಿಗೆ ದಾರಿ ಸಿಕ್ಕಿತು.

90, 30, 14

ಸಾಫ್ಟ್‌ವೇರ್‌ನವರು ಇದೇ ಪ್ರಶ್ನೆಗೆ ಬಂದದ್ದು ಇನ್ನೊಂದು ಕಡೆಯಿಂದ. ಗಿಟ್‌ನ ಮೊದಲ ದಿನಗಳಲ್ಲಿ ಅವಧಿ ಎಂಬುದೇ ಇರಲಿಲ್ಲ. ಬಳಸುವವರು ಪ್ರೂನ್ ಆಜ್ಞೆ ಕೊಟ್ಟರೆ ಹೆಸರಿಲ್ಲದ್ದೆಲ್ಲ ಅಲ್ಲೇ ಹೋಗುತ್ತಿತ್ತು. ಎರಡು ಬಗೆಯ ಅಪಾಯ ಬೇಗ ಕಂಡವು.

ಒಂದು, ಮನುಷ್ಯನ ಮರೆವು. ಯಾರೋ ಒಬ್ಬರು ತಪ್ಪಿ ಬ್ರಾಂಚ್ ಅಳಿಸುತ್ತಾರೆ, ಇಲ್ಲವೇ ಸರಣಿಯನ್ನು ತಿದ್ದಿ ಬರೆಯುತ್ತಾರೆ, ಮರುದಿನ ಹಳೆಯದೇ ಬೇಕು ಅನಿಸುತ್ತದೆ. ಇದಕ್ಕಾಗಿ ಶಾನ್ ಪಿಯರ್ಸ್ 2006ರಲ್ಲಿ ರೆಫ್‌ಲಾಗ್ ತಂದರು. ಚೀಟಿ ಎಲ್ಲೆಲ್ಲಿ ಅಂಟಿತ್ತು ಎಂಬುದರ ದಿನಚರಿ ಅದು. 2007ರ 1.5.0 ಆವೃತ್ತಿಯಿಂದ ತಾನಾಗಿಯೇ ದೊರೆಯುವಂತಾಯಿತು. ಈ ದಿನಚರಿಯ ನಮೂದುಗಳು 90 ದಿನ ಉಳಿಯುತ್ತವೆ. ಆ ಬ್ರಾಂಚ್‌ನ ಈಗಿನ ತುದಿಯಿಂದ ತಲುಪಲಾಗದ ಕಮಿಟ್‌ನ ನಮೂದು 30 ದಿನ.

ಎರಡನೆಯದು ಯಂತ್ರದ ಅವಸರ. ಹೊಸ ಕಮಿಟ್ ಆಗುವಾಗ ಅದರ ತುಣುಕುಗಳು ಮೊದಲು ಡಿಸ್ಕ್‌ಗೆ ಬರುತ್ತವೆ, ಚೀಟಿ ಕೊನೆಗೆ ಅಂಟುತ್ತದೆ. ನಡುವಿನ ಕ್ಷಣದಲ್ಲಿ ಗುಡಿಸುವವನು ಬಂದರೆ ಹೆಸರಿಡುವ ಮೊದಲೇ ಕೂಸು ಕಸವೆನಿಸಿಕೊಳ್ಳುತ್ತದೆ. ಆದ್ದರಿಂದ 2008ರಲ್ಲಿ ಎರಡು ವಾರದ ನಿಯಮ ಬಂತು. ಎರಡು ವಾರಕ್ಕಿಂತ ಹೊಸದಾದ ಯಾವ ತುಣುಕನ್ನೂ, ಅದಕ್ಕೆ ಹೆಸರಿಲ್ಲದಿದ್ದರೂ, ಗಿಟ್ ತಾನಾಗಿ ಅಳಿಸುವುದಿಲ್ಲ. ಬಳಸುವವರು ಈ ಅಂಕಿಗಳನ್ನು ಬೇಕಾದಂತೆ ಹಿಗ್ಗಿಸಬಹುದು, ‘ಎಂದೂ ಬೇಡ’ ಎಂದೂ ಬರೆಯಬಹುದು. ಹೆಚ್ಚಿನವರು ಮುಟ್ಟುವುದಿಲ್ಲ.

ಹೆಚ್ಚು ದಿನ ಇಟ್ಟುಕೊಳ್ಳಲು ದೊಡ್ಡ ಅಡ್ಡಿ ಜಾಗವಾಗಿತ್ತು. ತಲುಪಲಾಗದ ವಸ್ತುಗಳನ್ನು ಗಿಟ್ ಗಂಟಿನಿಂದ ಬಿಚ್ಚಿ ಒಂದೊಂದನ್ನೂ ಬೇರೆಬೇರೆ ಫೈಲಾಗಿ ಇಡುತ್ತಿತ್ತು, ಪ್ರತಿಯೊಂದರ ವಯಸ್ಸನ್ನೂ ಲೆಕ್ಕವಿಡಲು. ದೊಡ್ಡ ಸಂಗ್ರಹಗಳಲ್ಲಿ ಇಂಥ ಬಿಡಿ ಫೈಲುಗಳು ರಾಶಿಬಿದ್ದು ಕೆಲಸವೇ ನಿಧಾನವಾಗುತ್ತಿತ್ತು. 2022ರ 2.37ನೆಯ ಆವೃತ್ತಿಯಲ್ಲಿ ಟೇಲರ್ ಬ್ಲೌ ಅವರ ಕೆಲಸದಿಂದ ಇದಕ್ಕೆ ಪರಿಹಾರ ಸಿಕ್ಕಿತು. ಬೇಡವಾದದ್ದನ್ನೆಲ್ಲ ಒಂದೇ ಗಂಟು ಕಟ್ಟಿ, ಯಾವುದು ಎಂದಿನದು ಎಂಬ ಪಟ್ಟಿಯನ್ನು ಪಕ್ಕದಲ್ಲಿಡುವುದು. ಅಟ್ಟದ ಮೇಲಿನ ಹಳೇ ಸಾಮಾನನ್ನು ಒಂದು ಟ್ರಂಕಿಗೆ ತುಂಬಿ ಮೇಲೆ ಚೀಟಿ ಹಚ್ಚಿದ ಹಾಗೆ. ಹಿಂದೆ ಮೈಕ್ರೋಫಿಲ್ಮ್ ಕಾಗದಕ್ಕೆ ಮಾಡಿಕೊಟ್ಟ ಅನುಕೂಲವನ್ನೇ ಇದು ಸಾಫ್ಟ್‌ವೇರಿಗೆ ಮಾಡಿಕೊಟ್ಟಿತು. ಇಡುವುದು ಅಗ್ಗವಾದರೆ ಅವಧಿಯನ್ನು ಉದ್ದ ಮಾಡಲು ಧೈರ್ಯ ಬರುತ್ತದೆ.

ಆದರೂ ಒಂದು ಕೊರತೆ ಉಳಿದಿದೆ. ಗಿಟ್ ಕತ್ತರಿಸಿದ ಮೇಲೆ ಇಂಥದ್ದನ್ನು ಕತ್ತರಿಸಿದೆ ಎಂಬ ಪಟ್ಟಿಯನ್ನು ಉಳಿಸುವುದಿಲ್ಲ. ಅದೇ 2005ರಲ್ಲಿ ಹುಟ್ಟಿದ ಮರ್ಕ್ಯೂರಿಯಲ್ ಎಂಬ ಇನ್ನೊಂದು ವ್ಯವಸ್ಥೆ ಬೇರೆ ದಾರಿ ಹಿಡಿಯಿತು. ಅದರಲ್ಲಿ ಒಂದು ಸರಣಿಯನ್ನು ಕಿತ್ತರೆ ಅದರ ನಕಲು ಒಂದು ಬದಿಯ ಕಡತಕೋಶಕ್ಕೆ ಹೋಗುತ್ತದೆ, ತಾನಾಗಿ ಅಳಿಯುವುದಿಲ್ಲ. ನಂತರ ಬಂದ ವಿಸ್ತರಣೆಯೊಂದರಲ್ಲಿ ಈ ಬದಲಾವಣೆಯ ಜಾಗಕ್ಕೆ ಆ ಬದಲಾವಣೆ ಬಂತು ಎಂಬ ಗುರುತನ್ನೂ ಬರೆದಿಡಬಹುದು. ದಾಖಲೆ ನಿಯಮಗಳು ಕೇಳುವ ಪಟ್ಟಿಗೆ ಇದು ಹತ್ತಿರದ್ದು.

ಕುಮ್ಕಿ, ಬಾಣೆ, ಬೆಟ್ಟ

ವಿದರ್ಭಕ್ಕೆ ಮಾತ್ರ ಸೀಮಿತವಾದ ಕತೆ ಇದಲ್ಲ. ನಾಗಪುರ ರಾಜಧಾನಿ ಪಟ್ಟ ಕಳೆದುಕೊಂಡ ದಿನವೇ, 1956ರ ನವೆಂಬರ್ 1ರಂದು, ಕನ್ನಡ ನಾಡು ಒಂದಾಯಿತು. ಮೈಸೂರು, ಮುಂಬಯಿ, ಹೈದರಾಬಾದ್, ಮದ್ರಾಸು, ಕೊಡಗು ಎಂಬ ಐದು ಆಡಳಿತಗಳ ಕಡತ ಒಂದು ರಾಜ್ಯದ ಹೊಣೆಗೆ ಬಂತು. ಕೊಡಗು ಅಂದಿನವರೆಗೆ ತನ್ನದೇ ವಿಧಾನಸಭೆಯಿದ್ದ ರಾಜ್ಯ. ಪ್ರತಿ ಆಡಳಿತವೂ ತನ್ನ ಪದಗಳನ್ನು ಪಹಣಿಯಲ್ಲಿ ಬಿಟ್ಟುಹೋಯಿತು.

ದಕ್ಷಿಣ ಕನ್ನಡದಲ್ಲಿ ಕುಮ್ಕಿ ಇದೆ. ವರ್ಗದಾರನ ಜಮೀನಿನ ಅಂಚಿನಿಂದ ನೂರು ಗಜದೊಳಗಿನ ಸರಕಾರಿ ಜಾಗದಲ್ಲಿ ಸೊಪ್ಪು, ಸೌದೆ ಪಡೆಯುವ ಸವಲತ್ತು ಅದು. ಉತ್ತರ ಕನ್ನಡದಲ್ಲಿ ಅಡಕೆ ತೋಟಕ್ಕೆ ಸೊಪ್ಪಿನ ಬೆಟ್ಟವಿದೆ, ಕೊಡಗಿನಲ್ಲಿ ಗದ್ದೆಗೆ ಸೇರಿದ ಬಾಣೆಯಿದೆ. 1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಹೋದ ಮೇಲೆ ಒಂದೇ ಕೆನರಾದ ಎರಡು ಭಾಗಗಳಲ್ಲಿ ಎರಡು ಬಗೆಯ ನಿಯಮ ಬೆಳೆದವು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ಕುಮ್ಕಿ ಎಂಬ ಪದವೂ ಗಡಿ ದಾಟಿತು. ಈ ಪದಗಳಲ್ಲಿ ಒಂದೊಂದಕ್ಕೂ ಒಡೆತನ ಎಷ್ಟು, ಬಳಕೆ ಎಷ್ಟು ಎಂದು ಹೇಳಬಲ್ಲ ಕಾಗದ ಹಳೆಯ ಸರಕಾರದ್ದು.

ಗೋದಾವರ್ಮನ್ ಆದೇಶ ಇಲ್ಲಿಯೂ ಕದ ತಟ್ಟಿತು. ಕರ್ನಾಟಕದಲ್ಲಿ ಸುಮಾರು 9.94 ಲಕ್ಷ ಹೆಕ್ಟೇರ್ ಜಾಗ ಪರಿಭಾವಿತ ಅರಣ್ಯ ಎಂದು ಗುರುತಾಗಿತ್ತು. ಮಲೆನಾಡಿನಲ್ಲಿ ಡೀಮ್ಡ್ ಫಾರೆಸ್ಟ್ ಎಂಬ ಪದ ಮನೆಮಾತಾದದ್ದು ಹಾಗೆ. ಮರುಪರಿಶೀಲನೆಯ ನಂತರ 2022ರಲ್ಲಿ ಸರಕಾರ ಅದನ್ನು ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. ಇಂಥ ಪರಿಶೀಲನೆಯಲ್ಲಿ ಒಂದು ಊರಿನ ಜಾಗ ಪಟ್ಟಿಯಲ್ಲಿ ಉಳಿಯುವುದೋ ಬಿಡುವುದೋ ಎಂಬುದಕ್ಕೆ ಹಳೆಯ ನಕ್ಷೆಯೂ ಟಿಪ್ಪಣಿಯೂ ಸಾಕ್ಷಿ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳೂ ಗ್ಯಾಜೆಟಿಯರ್, ಜನಗಣತಿ, ಸರ್ವೆ ಮತ್ತು ಬಂದೋಬಸ್ತು ವರದಿಗಳನ್ನು ಪುರಾವೆಯಾಗಿ ಒಪ್ಪುತ್ತವೆ. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಅಲ್ಲಿ ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. ಕಡತವನ್ನು 25 ವರ್ಷಕ್ಕೆ ಸುಟ್ಟು ಜನರಿಂದ 75 ವರ್ಷದ ಸಾಕ್ಷಿ ಕೇಳುವ ಸರಕಾರ ತನ್ನ ಕೈಯಲ್ಲಿದ್ದ ಸಾಕ್ಷಿಯನ್ನು ತಾನೇ ಕಳೆದು, ಅದರ ನಷ್ಟವನ್ನು ಅರ್ಜಿದಾರನ ತಲೆಗೆ ಕಟ್ಟಿದಂತೆ.

ಇಟ್ಟುಕೊಳ್ಳುವುದರ ಖರ್ಚು

ಹಾಗಾದರೆ ಎಲ್ಲವನ್ನೂ ಎಂದೆಂದಿಗೂ ಇಡೋಣ ಎನ್ನುವುದು ಸುಲಭ. ಅದಕ್ಕೂ ಬೆಲೆಯಿದೆ, ಜಾಗ ಅದರಲ್ಲಿ ಚಿಕ್ಕದು.

ಕಡತ ಎಂಬ ಕನ್ನಡ ಪದವೇ ಇಲ್ಲಿ ಒಂದು ಎಚ್ಚರಿಕೆ. ಬಟ್ಟೆಗೆ ಹುಣಸೆ ಬೀಜದ ಅಂಟೂ ಇದ್ದಿಲ ಮಸಿಯೂ ಬಳಿದು, ಒಣಗಿಸಿ, ಪುಸ್ತಕದಂತೆ ಮಡಿಸಿದ್ದೇ ಕಡತ. ಬಳಪದಲ್ಲಿ ಬರೆಯುವುದು, ಬೇಡವಾದಾಗ ಒರೆಸಿ ಮತ್ತೆ ಬರೆಯುವುದು. ಅಂಗಡಿಕಾರರೂ ಶಾನುಭೋಗರೂ ತಲೆಮಾರುಗಟ್ಟಲೆ ಹೀಗೆ ಲೆಕ್ಕ ಬರೆದರು. ಒರೆಸುವುದು ಆಗ ನಷ್ಟವೆನಿಸಲಿಲ್ಲ. ಸಾಲ ತೀರಿದ ಮೇಲೆ ಲೆಕ್ಕ ಅಳಿಯಬೇಕು, ಅಳಿಯದಿದ್ದರೆ ಸಾಲಗಾರನ ಮೊಮ್ಮಗನನ್ನೂ ಕೇಳುವವರಿರುತ್ತಾರೆ. ಶೃಂಗೇರಿ ಮಠದಲ್ಲಿ ಒರೆಸದೆ ಜೋಪಾನ ಮಾಡಿದ ಕಡತಗಳು ಮಾತ್ರ ಇಂದು ಇತಿಹಾಸದ ಆಕರ.

ಸಾಫ್ಟ್‌ವೇರ್ ಲೋಕದಲ್ಲೂ ಹಾಗೇ. ಪಾಸ್‌ವರ್ಡ್ ಅಥವಾ ಬ್ಯಾಂಕಿನ ಕೀ ತಪ್ಪಿ ಒಂದು ಕಮಿಟ್‌ಗೆ ಸೇರಿ, ತಿಳಿದ ಮೇಲೆ ಆ ಕಮಿಟ್‌ನ ಹೆಸರು ಅಳಿಸಿದರೂ, ವಸ್ತು ಡಿಸ್ಕ್‌ನಲ್ಲಿರುವವರೆಗೆ ಅದರ ಗುರುತಿನ ಸಂಖ್ಯೆ ಬಲ್ಲವರು ತಲುಪಬಹುದು. ಆದ್ದರಿಂದಲೇ ಸೋರಿದ ಕೀಯನ್ನು ಅಳಿಸಿ ಸುಮ್ಮನಾಗಬೇಡಿ, ರದ್ದು ಮಾಡಿ ಎಂಬುದು ಬಲ್ಲವರ ಸಲಹೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತನ್ನ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕನ್ನೇ ವ್ಯಕ್ತಿಗೆ ಕೊಟ್ಟಿದೆ. ಇಂಥ ಕಡೆ ಅವಧಿ ಚಿಕ್ಕದಿದ್ದಷ್ಟೂ ಒಳ್ಳೆಯದು.

ಝುಡಪಿ ಜಂಗಲಿನ ತೀರ್ಪು ಎರಡೂ ಮುಖವನ್ನು ಒಟ್ಟಿಗೆ ತೋರಿಸುತ್ತದೆ. ಹಳೆಯ ನಮೂದು ಉಳಿದಿದ್ದರಿಂದ ಇನ್ನೂ ಕಟ್ಟಡವೇರದ ಎಷ್ಟೋ ಕುರುಚಲು ನೆಲ ಉಳಿಯುವ ದಾರಿ ಸಿಕ್ಕಿತು. ಅದೇ ನಮೂದಿನಿಂದ ಅಲ್ಲಿ ಮನೆ ಕಟ್ಟಿಕೊಂಡವರು ದಶಕಗಟ್ಟಲೆ ಅನುಮಾನದಲ್ಲಿ ಬದುಕಿದರು. ದಾಖಲೆ ಯಾರ ಪಕ್ಷವನ್ನೂ ಹಿಡಿಯುವುದಿಲ್ಲ. ಪೂರ್ತಿ ಇದ್ದರೆ ನ್ಯಾಯಾಲಯ ತೂಗಿ ನೋಡಬಹುದು. ಪದವೊಂದೇ ಉಳಿದು ಅದರ ಹಿನ್ನೆಲೆ ಕೈಗೆ ಸಿಗದಿದ್ದರೆ ಪದವೇ ತೀರ್ಪಾಗಿಬಿಡುತ್ತದೆ.

ಕೇಳುವವರು ಎಷ್ಟು ತಡವಾಗಿ ಬರುತ್ತಾರೆ?

ಇಷ್ಟನ್ನೂ ನೋಡಿದರೆ ಅವಧಿಯ ಅಂಕಿ ವಸ್ತುವಿನ ಬೆಲೆಯನ್ನು ಅಳೆಯುವುದಿಲ್ಲ ಎಂಬುದು ಸ್ಪಷ್ಟ. ಅದು ಕೇಳಿಕೊಂಡು ಬರುವವನ ತಡವನ್ನು ಅಳೆಯುತ್ತದೆ. ಯಂತ್ರ ತನ್ನ ಕೆಲಸ ಮುಗಿಸಿ ಚೀಟಿ ಅಂಟಿಸಲು ಎರಡು ವಾರ ಧಾರಾಳ. ಬರೆದವನಿಗೇ ತನ್ನ ತಪ್ಪು ಹೊಳೆಯಲು 30 ದಿನ, 90 ದಿನ ಸಾಕು. ಈ ಎರಡಕ್ಕೂ ಗಿಟ್‌ನ ಅಂಕಿಗಳು ಸರಿಯಾಗಿಯೇ ಇವೆ. ಮೂರನೆಯವನ ಲೆಕ್ಕ ಅದರಲ್ಲಿಲ್ಲ. ಬರೆದವನಲ್ಲದ, ಬರೆದವನನ್ನು ನೋಡಿಯೂ ಇಲ್ಲದ, ಆ ಬರಹದಿಂದ ತನ್ನ ನೆಲ ಅಥವಾ ಹಕ್ಕು ನಿರ್ಧಾರವಾಗುವವನು ಅವನು. ಪೂರ್ವ ವಿದರ್ಭದಲ್ಲಿ ಅವನು ಬರಲು ಎಪ್ಪತ್ತು ವರ್ಷ ಹಿಡಿಯಿತು, ರೆಸಿಡೆನ್ಸಿಯ ಪತ್ರಗಳಿಗೆ ನೂರು.

ತೊಂದರೆಯೆಂದರೆ ಈ ಎರಡು ಲೋಕಗಳು ಈಗ ಬೇರೆಬೇರೆಯಾಗಿ ಉಳಿದಿಲ್ಲ. ಕರ್ನಾಟಕದ ಭೂಮಿ ಯೋಜನೆ ಸುಮಾರು ಎರಡು ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು, ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಮಹಾರಾಷ್ಟ್ರದ ಸಾತ್-ಬಾರಾ ಉತಾರವೂ ಆನ್‌ಲೈನ್ ಸಿಗುತ್ತದೆ. ಆದರೂ ಜಮೀನು ಕೊಳ್ಳುವವರನ್ನು ವಕೀಲರು ಇಂದಿಗೂ ಹಳೇ ಕೈಬರಹದ ಪಹಣಿ, ಮ್ಯುಟೇಷನ್, 30 ವರ್ಷದ ಇಸಿ ತರಲು ಕಳಿಸುತ್ತಾರೆ. ಸರಕಾರದ ಆದೇಶ, ನಕ್ಷೆ, ಫಲಾನುಭವಿಗಳ ಪಟ್ಟಿ ಎಲ್ಲವೂ ತಂತ್ರಾಂಶದಲ್ಲೇ ಹುಟ್ಟಿ ತಂತ್ರಾಂಶದಲ್ಲೇ ತಿದ್ದುಪಡಿಯಾಗುವ ಕಾಲ ಇದು. ಅಲ್ಲಿ ಹಳೆಯ ಆವೃತ್ತಿ ಎಷ್ಟು ದಿನ ಇರಬೇಕು ಎಂಬುದನ್ನು ತಂತ್ರಾಂಶದ ಪೂರ್ವನಿಗದಿತ ಅಂಕಿಗೆ ಬಿಡುವಂತಿಲ್ಲ. ಕೋಡ್ ಬರೆಯುವವನ ಮರೆವಿಗೆಂದು ಗೊತ್ತುಮಾಡಿದ 90 ದಿನವನ್ನು ಜಮೀನಿನ ದಾಖಲೆಗೆ ಹಚ್ಚಿದರೆ, ರೆಸಿಡೆನ್ಸಿಯ ಪತ್ರಕ್ಕೆ ‘ಸಿ’ ದರ್ಜೆ ಕೊಟ್ಟಂತೆ.

ಅವಧಿ ಎಷ್ಟೇ ಇರಲಿ, ಪತ್ರಾಗಾರದಿಂದ ತಂತ್ರಾಂಶ ಕಲಿಯಬಹುದಾದ ಎರಡು ರೂಢಿಗಳಿವೆ. ಒಂದು, ಅಳಿಸುವ ತೀರ್ಮಾನವನ್ನು ವಸ್ತು ಹುಟ್ಟಿಸಿದವನೊಬ್ಬನೇ ಮಾಡಬಾರದು. 25 ವರ್ಷದ ಪರಿಶೀಲನೆಗೆ ಪತ್ರಾಗಾರದವರು ಬಂದು ಕೂರುವುದು ಅದಕ್ಕೇ. ಇನ್ನೊಂದು, ಅಳಿಸಿದ್ದರ ಪಟ್ಟಿ ಅಳಿಯಬಾರದು. ತನ್ನ ಊರಿನ ಕಾಗದ ಕೇಳಿಕೊಂಡು ನಾಗಪುರದ ಪತ್ರಾಗಾರಕ್ಕೆ ಬರುವ ರೈತನಿಗೆ ಕಡತ ಸಿಗದೇ ಹೋಗಬಹುದು. ಅಂಥ ಕಡತ ಇತ್ತು, ಇಂಥ ವರ್ಷ, ಇಂಥವರ ಸಹಿಯೊಂದಿಗೆ ಹೋಯಿತು ಎಂಬ ಸಾಲಾದರೂ ಅವನ ಕೈಗೆ ಸಿಗಬೇಕು. ಆ ಸಾಲಿದ್ದರೆ ಅವನು ಭೋಪಾಲಕ್ಕೆ ಹೋಗಿ ನೋಡಬಹುದು, ನಕಲಿಗೆ ಅರ್ಜಿ ಹಾಕಬಹುದು, ಯಾಕೆ ಸುಟ್ಟಿರಿ ಎಂದು ಕೇಳಬಹುದು. ಇಲ್ಲದಿದ್ದರೆ ತಾನು ಏನನ್ನು ಕಳೆದುಕೊಂಡೆ ಎಂಬುದೂ ಅವನಿಗೆ ಗೊತ್ತಾಗುವುದಿಲ್ಲ.